ಹಮೀದಾಕನ ದನಿ ಮತ್ತು ಅರಬಿ ಅಲ್ಲದ ಅರಬಿ

ನಾಲ್ಕನೇ ಸಲವೂ ಅದೇ ಉತ್ತರ. "ಈ ಆ್ಯಪ್ ನಿಮ್ಮ ಪಿಸಿಯಲ್ಲಿ ನಡೆಯುವುದಿಲ್ಲ."

ನಡೆಯಲ್ಲ ಅಂದರೆ ಬಿಟ್ಟು ಏಳೋ ಪೈಕಿ ನಾನಲ್ಲ. ಕುವೈತಿನ ಅಹ್ಮದಿಯಲ್ಲಿ ಇಷ್ಟು ವರ್ಷ ಇನ್‌ಸ್ಟ್ರುಮೆಂಟ್ ಟೆಕ್ನಿಷಿಯನ್, ಸುಳ್ಳು ಹೇಳೋ ಮೀಟರುಗಳನ್ನೆಲ್ಲ ದಾರಿಗೆ ತಂದವನು. ಇದು ಯಾವ ಲೆಕ್ಕ ಅಂತ ಕೂತಿದ್ದೆ... ಆಗಲೇ ಎರಡು ಶುಕ್ರವಾರದ ರಜೆ ನೀರುಪಾಲಾಗಿತ್ತು.

ಲ್ಯಾಪ್‌ಟಾಪ್ ಹಮೀದಾಕನದು, ಅಂದರೆ ಹಮೀದಣ್ಣನದು. ಶುವೈಖ್‌ನಲ್ಲಿ ಕಾರಿನ ಸ್ಪೇರ್ ಪಾರ್ಟ್ಸ್ ಅಂಗಡಿ, ಊರು ಬಂಟ್ವಾಳದ ಕಡೆ. ನಾನು ಗದಗದವನು. ನಮ್ಮಿಬ್ಬರ ಕನ್ನಡ ಬೇರೆ ಬೇರೆ, ಆದರೆ ಜಗಳ ಆಡೋಕೆ ಅದು ಯಾವತ್ತೂ ಅಡ್ಡಿ ಬಂದಿರಲಿಲ್ಲ.

ಹೋದ ವರ್ಷ ಗಂಟಲಿನ ಆಪರೇಷನ್ ಆಗಿ ಅವರ ದನಿ ಹೋಯಿತು. ಪೂರ್ತಿ. ಈಗ ಎದುರಿಗೇ ಕೂತು ವಾಟ್ಸಾಪ್‌ನಲ್ಲಿ ಬೈಯುತ್ತಾರೆ.

ಮಗಳು ಸಫಿಯಾ ಚಿಕ್ಕವಳಿದ್ದಾಗ ಊರಲ್ಲಿ ತಾಯಿ ಜೊತೆ ಇದ್ದಳು. ಫೋನ್ ದುಬಾರಿಯಾಗಿದ್ದ ಕಾಲ. ಹಮೀದಾಕ ರೂಮಿನ ಕಂಪ್ಯೂಟರ್‌ನಲ್ಲಿ ಕತೆ ರೆಕಾರ್ಡ್ ಮಾಡಿ, ಊರಿಗೆ ಹೋಗುವವರ ಕೈಯಲ್ಲಿ ಸಿಡಿ ಕಳಿಸುತ್ತಿದ್ದರಂತೆ.

ಆ ಸಿಡಿಗಳೆಲ್ಲ ಗೀರುಬಿದ್ದು ಹಾಳಾದವು. ಉಳಿದದ್ದು ಒಂದು ಹಾರ್ಡ್ ಡಿಸ್ಕ್. ಅದರಲ್ಲಿರೋ ಫೈಲುಗಳನ್ನು ಓದೋದು ಆ ಕಾಲದ ಒಂದೇ ಒಂದು ಆಡಿಯೋ ಸಾಫ್ಟ್‌ವೇರ್, ಅದನ್ನು ಮಾಡಿದವರೇ ಕೈಬಿಟ್ಟು ಎಷ್ಟೋ ವರ್ಷ ಆಗಿದೆ.

ಸಫಿಯಾ ಈಗ ಮದುವೆಯಾಗಿ ಇಲ್ಲೇ ಫಹಾಹೀಲ್‌ನಲ್ಲಿದ್ದಾಳೆ, ಎಂಟು ತಿಂಗಳ ಬಸುರಿ. ಹುಟ್ಟೋ ಮಗುವಿಗೆ ಅಜ್ಜನ ದನಿಯಲ್ಲಿ ಕತೆ ಕೇಳಿಸಬೇಕು ಅನ್ನೋದೊಂದೇ ಅವಳ ಹಟ. ಅವಳ ಫೋನಲ್ಲಿರೋ ವೀಡಿಯೋಗಳಲ್ಲಿ ಅಪ್ಪನ ದನಿ ಹುಡುಕಿದರೆ "ಊಟ ಆಯ್ತಾ" ಬಿಟ್ಟು ಬೇರೆ ಮಾತಿಲ್ಲ.

ಹಾಗಾಗಿ ಮೂರನೇ ಶುಕ್ರವಾರ, ಜುಮಾ ನಮಾಜ್ ಮುಗಿಸಿ ಬಂದ ಹಮೀದಾಕನ ಪಕ್ಕ, ಅವರ ಫ್ಲ್ಯಾಟಿನಲ್ಲಿ, ಮತ್ತೆ ಕೂತೆ. ಹಳೇ ಸಾಫ್ಟ್‌ವೇರ್ ನಡೆಸೋ ಕಂಪ್ಯಾಟಿಬಿಲಿಟಿ ಮೋಡ್ ಒಂದೊಂದಾಗಿ ಬದಲಿಸಿದೆ. ಹಳೇ ವಿಂಡೋಸ್‌ನ ಜೊತೆಗೆ ಬರುತ್ತಿದ್ದ ಏನೇನೋ ಪುಡಿ ಫೈಲುಗಳನ್ನು ಹುಡುಕಿ ತಂದು ಹಾಕಿದೆ.

ತೆರೆಯಿತು! ಆ ಹಳೇ ಬೂದು ಬಣ್ಣದ ವಿಂಡೋ ಕಣ್ಣಿಗೆ ಬಿದ್ದಾಗ ನಾನು "ಯಲ್ಲಾ!" ಅಂತ ಅರಬರ ಹಾಗೆ ಕೂಗಿದ್ದು ಕೆಳಗಿನ ಫ್ಲೋರ್‌ಗೂ ಕೇಳಿಸಿರಬೇಕು.

ಕತೆಯ ಪ್ರಾಜೆಕ್ಟ್ ಓಪನ್ ಮಾಡಿದೆ... ಫೋಲ್ಡರ್ ಸಿಗುತ್ತಿಲ್ಲ ಅಂತ ಎರರ್. ಫೋಲ್ಡರಿನ ಹೆಸರು ಇರಬೇಕಾದ ಜಾಗದಲ್ಲಿ ಅರಬಿ ಅಕ್ಷರಗಳು!

ಅರಬಿ ತಾನೇ, ಓದಿಸಿದರಾಯಿತು ಅಂತ ಸ್ಕ್ರೀನ್‌ಶಾಟ್ ತೆಗೆದುಕೊಂಡು, ಇಲ್ಲಿ ಕೆಲಸದ ವಾರ ಶುರುವಾಗೋ ಭಾನುವಾರ, ಆಫೀಸಿನ ಈಜಿಪ್ಟ್ ಸಹೋದ್ಯೋಗಿಗೆ ತೋರಿಸಿದೆ. ಪಾಪ, ಎಡದಿಂದ ಓದಿದ, ಬಲದಿಂದ ಓದಿದ. ಕೊನೆಗೆ ಇದು ಅರಬಿಯೇ ಅಲ್ಲ, ಯಾರೋ ಅರಬಿಯನ್ನು ಮಿಕ್ಸಿಗೆ ಹಾಕಿದ್ದಾರೆ, ಖಲಾಸ್ ಅಂತ ಕೈಮುಗಿದ.

ಮುಂದಿನ ಶುಕ್ರವಾರ ಸಫಿಯಾನೂ ಬಂದಿದ್ದಳು. ನಾನು ಹಮೀದಾಕನಿಗೆ, "ಏನ್ ಹೆಸರು ಇಟ್ಟೀರಿ ಮಾರಾಯ್ರ, ನೆನಪ್ ಮಾಡ್ಕೋರಿ" ಅಂದೆ.

ನನ್ನ ಫೋನ್ ಟಿಂಗ್ ಅಂದಿತು. "ನಾನು ಅರಬಿಯಲ್ಲಿ ಹೆಸರು ಇಡ್ಲೇ ಇಲ್ಲ ಮಾರಾಯ. ನಿನ್ನ ತಲೆ."

ಸಿಟ್ಟಲ್ಲಿ ಹಾರ್ಡ್ ಡಿಸ್ಕನ್ನೇ ನೇರವಾಗಿ ತೆರೆದೆ. ಅಲ್ಲಿ ಅದೇ ಫೋಲ್ಡರಿಗೆ ಬೇರೆಯೇ ವೇಷ:

ªÀÄUÀ½UÉ PÀvÉ

ಹಳೇ ಕಾಲದಲ್ಲಿ ಕನ್ನಡ ಟೈಪ್ ಮಾಡಿದವರಿಗೆ ಇದು ಗೊತ್ತು, ಫಾಂಟ್ ಇಲ್ಲದಿದ್ದರೆ ನಮ್ಮ ಕನ್ನಡ ಕಾಣೋದೇ ಹೀಗೆ. ಕಾಪಿ ಮಾಡಿ, ಹಳೇ ಫಾಂಟ್ ಹಾಕಿ ನೋಡಿದೆ... "ಮಗಳಿಗೆ ಕತೆ".

ಹಮೀದಾಕ ಹಣೆ ಚಚ್ಚಿಕೊಂಡರು. ಕನ್ನಡ ಕೀಬೋರ್ಡ್ ಆಫ್ ಮಾಡೋಕೆ ಮರೆತು ಫೋಲ್ಡರಿಗೆ ಹೆಸರು ಕೊಟ್ಟಿದ್ದರು. ನಾವೆಲ್ಲ ದಿನಕ್ಕೆ ಹತ್ತು ಸಲ ಮಾಡುತ್ತಿದ್ದ ತಪ್ಪು!

ಲ್ಯಾಪ್‌ಟಾಪ್ ಕುವೈತಿನಲ್ಲಿ ಕೊಂಡದ್ದು. ಹಳೇ ಸಾಫ್ಟ್‌ವೇರ್‌ಗಳಿಗೆ ಅಂತ ಒಳಗೆ ಅರಬಿ ಸೆಟ್ ಆಗಿ ಬಂದಿತ್ತು. ಅದಕ್ಕೇ ಈ ಸಾಫ್ಟ್‌ವೇರ್ ಬಂಟ್ವಾಳದ ಕನ್ನಡವನ್ನು ಅರಬಿ ಅಂದುಕೊಂಡು, ಇಲ್ಲದ ಫೋಲ್ಡರ್ ಹುಡುಕುತ್ತಿತ್ತು.

ಸೆಟ್ಟಿಂಗ್‌ನಲ್ಲಿ ಅರಬಿ ತೆಗೆದು ಇಂಗ್ಲಿಷ್ ಮಾಡಿದೆ. ರೀಸ್ಟಾರ್ಟ್ ಆದ ಕೂಡಲೇ ಕತೆಯ ಪ್ರಾಜೆಕ್ಟ್ ಮತ್ತೆ ಓಪನ್ ಮಾಡಿದೆ, ಈ ಸಲ ತೆರೆಯಿತು.

ಪ್ಲೇ ಒತ್ತಿದೆ. ಮೊದಲು ಒಂದು ಕೆಮ್ಮು. ಆಮೇಲೆ ಹಮೀದಾಕ! ಅಂಗಡಿಯ ಆ ತುದಿಯಿಂದ ನನ್ನನ್ನು ಕರೆಯುತ್ತಿದ್ದ ಅದೇ ಗಟ್ಟಿ ದನಿ.

ಕತೆ ಅವರ ಮನೆಮಾತು ಬ್ಯಾರಿ ಭಾಷೆಯಲ್ಲಿ, ನನಗೆ ಒಂದಕ್ಷರ ತಿಳಿಯಲಿಲ್ಲ. ಆದರೂ ಎದ್ದು ನಿಂತು ಕುಣಿದೆ, ನಾಚಿಕೆಯಿಲ್ಲದೆ. ನಾಲ್ಕು ಶುಕ್ರವಾರದ ಸೇಡು ತೀರಿತ್ತು.

ಆದರೆ ಎರಡು ಮಾತಿಗೊಮ್ಮೆ ದನಿ ನಿಂತು ಹೋಗುತ್ತಿದೆ. ಒಂದೆರಡು ಸೆಕೆಂಡ್ ಏನೂ ಇಲ್ಲ, ಮತ್ತೆ ಶುರು. ಥತ್, ಫೈಲ್ ಕೆಟ್ಟಿದೆ, ಈ ಖಾಲಿ ಜಾಗ ಎಲ್ಲ ಕತ್ತರಿಸಿ ಜೋಡಿಸೋಣ ಅಂತ ಮೌಸ್ ಹಿಡಿದೆ.

ಹಮೀದಾಕ ನನ್ನ ಕೈ ಹಿಡಿದುಬಿಟ್ಟರು. ಬಿಗಿಯಾಗಿ.

ಕತೆ ಮತ್ತೆ ನಿಂತಿತು. ಬೆನ್ನ ಹಿಂದಿನಿಂದ ಸಫಿಯಾ ಸಣ್ಣಗೆ, "ಹೂಂ..." ಅಂದಳು.

ಕತೆ ಮುಂದುವರಿಯಿತು.

"ಅಂಕಲ್, ಅದು ಕಟ್ ಮಾಡ್ಬೇಡಿ. ಅದು ನಾನು ಹೂಂ ಹೇಳುವ ಜಾಗ" ಅಂದಳು. ಅಳುತ್ತಿದ್ದಳು, ನಗುತ್ತಲೂ ಇದ್ದಳು. ಹಮೀದಾಕ ಗೋಡೆ ಕಡೆ ತಿರುಗಿ ಕನ್ನಡಕ ಒರೆಸುತ್ತಿದ್ದರು.

ಅಷ್ಟು ದೂರದಲ್ಲಿ, ಒಬ್ಬರೇ ರೂಮಿನಲ್ಲಿ ಕೂತು, ಮಗಳು ಹೂಂಗುಟ್ಟಲಿ ಅಂತ ಕಾದಿದ್ದಾರೆ ಮನುಷ್ಯ. ನಾನು ಅದನ್ನೇ ಕತ್ತರಿಸಲು ಹೊರಟಿದ್ದೆ!

ಡಿಸ್ಕಿನಲ್ಲಿದ್ದ ಹನ್ನೊಂದು ಕತೆಗಳನ್ನೂ ಎಲ್ಲ ಫೋನಿನಲ್ಲೂ ಕೇಳಿಸುವ ಹಾಗೆ ಮಾಡಿ ಕೊಟ್ಟೆ. ಒಂದು ಮೌನವನ್ನೂ ಮುಟ್ಟಲಿಲ್ಲ.

ನಿಮಗೆ ಕತೆ ಹೇಳುತ್ತಿದ್ದವರು ನಿಮ್ಮ "ಹೂಂ"ಗಾಗಿ ಎಷ್ಟು ಹೊತ್ತು ಕಾಯುತ್ತಿದ್ದರು, ನೆನಪಿದೆಯಾ?