ಅಕ್ಕ ಹೊಲಿದ ಬಾಂಗ್ಲಾ ಬಾವುಟ

ಸಾವಿರದ ಒಂಬೈನೂರ ಎಪ್ಪತ್ತೊಂದರ ಮಳೆಗಾಲದಲ್ಲಿ ಸಿರುಗುಪ್ಪದಲ್ಲಿ ಬಂಗಾಳದ ನಿರಾಶ್ರಿತರಿಗೆಂದು ಒಂದು ನೆರವು ಸಮಿತಿ ಹುಟ್ಟಿಕೊಂಡಿತು. ಅದರ ಅಧ್ಯಕ್ಷರು ಅಕ್ಕಿ ಗಿರಣಿಯ ಮಾಲೀಕರು, ನನ್ನ ಅಕ್ಕನ ಗಂಡನ ಅಣ್ಣ. ಗಂಡ ತೀರಿಕೊಂಡ ವರ್ಷವೇ ಆ ಮನೆಯವರು ಅಕ್ಕನನ್ನು ಒಂದು ಟ್ರಂಕು, ಒಂದು ಹೊಲಿಗೆ ಮಷೀನಿನೊಡನೆ ಎತ್ತಿನ ಗಾಡಿ ಹತ್ತಿಸಿ ಕುರುಗೋಡಿಗೆ, ಹೈಸ್ಕೂಲು ಮಾಸ್ತರನಾದ ನನ್ನ ಮನೆಗೆ ಕಳಿಸಿಬಿಟ್ಟಿದ್ದರು. ಗಾಡಿಯವನ ಊಟದ ಹೊಣೆಯನ್ನೂ ನಮಗೇ ಬಿಟ್ಟಿದ್ದರು. ಅದನ್ನು ನಾನು ಮರೆತಿಲ್ಲ.

ಅಕ್ಕ ಪ್ರತಿ ಸಂಜೆ ರೇಡಿಯೋ ವಾರ್ತೆ ಕೇಳುತ್ತಿದ್ದಳು. ಪೂರ್ವ ಬಂಗಾಳದವರು ತಮ್ಮದು ಸ್ವತಂತ್ರ ದೇಶವೆಂದು ಸಾರಿ ತಿಂಗಳುಗಳೇ ಕಳೆದಿದ್ದರೂ ಯಾವ ಸರ್ಕಾರವೂ ಅದಕ್ಕೆ ಮಾನ್ಯತೆ ಕೊಟ್ಟಿರಲಿಲ್ಲ.

“ಅಲ್ಲಲೇ ತಮ್ಮಾ, ಮಂದಿ ಅಲ್ಲೇ ಅದಾರ, ನೆಲ ಅಲ್ಲೇ ಐತಿ. ಮತ್ತೊಬ್ರು ಹೂಂ ಅನ್ನೋತನಕ ಅದು ದೇಶ ಅಲ್ಲೇನು?”

ನಾನು ಪಠ್ಯಪುಸ್ತಕದ ಉತ್ತರ ಕೊಟ್ಟೆ. ಅವಳಿಗೆ ಅದು ರುಚಿಸಲಿಲ್ಲ. ಆ ದೇಶದ ಬಾವುಟವನ್ನು ತಾನೇ ಹೊಲಿಯಬೇಕು, ಸಮಿತಿಯ ಸಭೆಯಲ್ಲಿ ಅದು ಒಮ್ಮೆ ಹಾರಬೇಕು ಎಂದು ನಿಶ್ಚಯಿಸಿದಳು.

ಆಗಿನ ಆ ಬಾವುಟದಲ್ಲಿ ಹಸಿರಿನ ನಡುವೆ ಕೆಂಪು ವೃತ್ತ, ವೃತ್ತದೊಳಗೆ ಹಳದಿ ಬಣ್ಣದ ದೇಶದ ನಕ್ಷೆ ಇತ್ತು. ಶಾಲೆಯ ಅಟ್ಲಾಸಿನಿಂದ ನಾನು ನಕ್ಷೆ ತೆಗೆದುಕೊಟ್ಟೆ. ಒಂದೇ ಬದಿಗೆ ಹೊಲಿದರೆ ಹಿಂದಿನಿಂದ ನೋಡುವವರಿಗೆ ದೇಶ ತಿರುವುಮುರುವಾಗಿ ಕಾಣುವುದೆಂಬುದು ನನಗೆ ಹೊಳೆದಿರಲಿಲ್ಲ; ಅವಳಿಗೆ ಹೊಳೆಯಿತು. ಎರಡು ಬಟ್ಟೆಗಳನ್ನು ಬೆನ್ನಿಗೆ ಬೆನ್ನು ಕೂಡಿಸಿ, ಎರಡರ ಮೇಲೂ ನಕ್ಷೆಯನ್ನು ನೇರವಾಗಿಯೇ ಕೂರಿಸಿದಳು. ಸಮುದ್ರದ ಕಡೆಯ ಹರಕು ಹರಕು ಅಂಚನ್ನು ಕೈಹೊಲಿಗೆಯಲ್ಲೇ ಮುಗಿಸಿದಳು.

ಬಾವುಟ ಹಿಡಿದು ಸಿರುಗುಪ್ಪಕ್ಕೆ ಹೋದೆವು. ಅಧ್ಯಕ್ಷರು ತೂಗುಮಂಚದ ಮೇಲಿದ್ದರು. ಎದುರಿನ ಎರಡೂ ಕುರ್ಚಿಗಳು ಖಾಲಿಯಿದ್ದವು. ನಮ್ಮನ್ನು ಕೂರಲು ಹೇಳಲಿಲ್ಲ.

“ಏನವಾ, ದಿಲ್ಲಿಯವ್ರೇ ಇನ್ನಾ ಸುಮ್ಕದಾರ, ನಿನಗ್ಯಾಕ ಇಷ್ಟು ಅವಸರ? ಕುರುಗೋಡಾಗ ಬ್ಯಾರೆ ಸರ್ಕಾರ ತಗದೀರೇನು? ಸಾಲಿ ಮಾಸ್ತರ್ರು ರಾಯಭಾರಿ ಆಗಿರಬೇಕು!”

ಪಕ್ಕದಲ್ಲಿ ನಿಂತಿದ್ದ ಗಿರಣಿಯ ಗುಮಾಸ್ತ ನಕ್ಕ. ಅಕ್ಕ ಕೇಳಿದ್ದು ಒಂದೇ ಮಾತು: “ದಿಲ್ಲಿಯವ್ರು ಒಪ್ಪಿದ ಮ್ಯಾಲೆ ಹಾರಸ್ತೀರೇನ್ರಿ ಭಾವಾ?”

“ಒಪ್ಲಿ, ನೋಡೂಣು.”

ಅದನ್ನು ಅವಳು ಮಾತು ಕೊಟ್ಟಂತೆಯೇ ತಿಳಿದಳು. ಡಿಸೆಂಬರಿನಲ್ಲಿ ಭಾರತ ಬಾಂಗ್ಲಾದೇಶಕ್ಕೆ ಮಾನ್ಯತೆ ನೀಡಿತು; ಯುದ್ಧವೂ ಮುಗಿಯಿತು. ಜನವರಿ ಕೊನೆಯಲ್ಲಿ ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ ಸಮಿತಿಯ ದೊಡ್ಡ ಸಭೆ, ಬಾವುಟ ತರಬೇಕೆಂದು ಅಧ್ಯಕ್ಷರು ಹೇಳಿಕಳಿಸಿದರು. ಬೆಳಗಿನ ಬಸ್ಸಿಗೇ ಹೋದೆವು. ವೇದಿಕೆಯ ಬಳಿ ಅಕ್ಕ ಬಾವುಟ ಬಿಚ್ಚಿದಾಗ ಕಾಲೇಜಿನ ಉಪನ್ಯಾಸಕರೊಬ್ಬರು ತಡೆದರು. ಹೊಸ ಸರ್ಕಾರ ಬಾವುಟದಿಂದ ನಕ್ಷೆಯನ್ನು ತೆಗೆದುಹಾಕಿದೆ, ಪತ್ರಿಕೆಯಲ್ಲಿ ಬಂದಿದೆ ಎಂದರು.

“ಕೇಳ್ದೇನವಾ?” ಎಂದರು ಅಧ್ಯಕ್ಷರು, ಹತ್ತು ಜನರ ಮುಂದೆ. “ನೀ ಹೊಲಿಯೂದ್ರಾಗ ಅವ್ರು ಬಾವುಟನ ಬದಲು ಮಾಡ್ಯಾರ. ಹಾಕು ಕತ್ರಿ.”

“ಮುಟ್ಟಬ್ಯಾಡಕ್ಕಾ, ನಡಿ ಮನಿಗೆ ಹೋಗೂಣು,” ಎಂದೆ.

“ಬಾವುಟ ಅವ್ರದು ತಮ್ಮಾ. ಅವ್ರು ಬ್ಯಾಡಂದ ಮ್ಯಾಲೆ ನಮ್ಮದೇನೈತಿ?”

ವೇದಿಕೆಯ ಹಿಂದೆ ನೆಲದ ಮೇಲೆ ಕೂತು ನಕ್ಷೆಯ ಹೊಲಿಗೆ ಬಿಚ್ಚತೊಡಗಿದಳು. ಬಿಚ್ಚಬಾರದೆಂದೇ ಹಾಕಿದ ಹೊಲಿಗೆ, ಅದೂ ಎರಡು ಬದಿಗೆ. ಒಂದು ಬದಿ ಮುಗಿಯುವಷ್ಟರಲ್ಲಿ ಅಧ್ಯಕ್ಷರು ಬಜಾರಿಗೆ ಆಳು ಕಳಿಸಿ, ಯಾವನೋ ದರ್ಜಿಯಿಂದ ಅವಸರದಲ್ಲಿ ಹಸಿರು ಬಟ್ಟೆಗೆ ಕೆಂಪು ತುಂಡೊಂದನ್ನು ಹಚ್ಚಿಸಿ ತರಿಸಿದ್ದರು. ಅದೇ ಏರಿತು. ವಂದನಾರ್ಪಣೆಯಲ್ಲಿ ಶಾಮಿಯಾನದವರಿಗೂ ಮೈಕ್ ಸೆಟ್ಟಿನವರಿಗೂ ಧನ್ಯವಾದ ಸಂದಿತು. ಅಕ್ಕನ ಪ್ರಸ್ತಾಪವೇ ಬರಲಿಲ್ಲ. ಅವಳು ಒಮ್ಮೆ ತಲೆಯೆತ್ತಿ, ಸೊಟ್ಟಗೆ ಕೂತ ಆ ಕೆಂಪು ವೃತ್ತವನ್ನು ನೋಡಿ, “ಗುಂಡು ಓರಿ ಆಗೈತಿ,” ಎಂದಳಷ್ಟೆ.

ಉಳಿದ ಹೊಲಿಗೆಯನ್ನು ಮನೆಯಲ್ಲಿ ಬಿಚ್ಚಿದಳು. ಸೂಜಿಯ ತೂತುಗಳು ಕೂಡಿಕೊಳ್ಳುವಂತೆ ಒಗೆದು ಇಸ್ತ್ರಿ ಮಾಡಿದಳು. “ಬರೂ ವರ್ಷ ಸಭಾ ಮಾಡಿದ್ರ ಬೇಕಾಕ್ಕೈತಿ,” ಎಂದಳು.

ಆ ವರ್ಷದ ಡಿಸೆಂಬರಿನಲ್ಲಿ ನಾನೇ ಸಿರುಗುಪ್ಪಕ್ಕೆ ಹೋಗಿ ಮತ್ತೆ ಸಭೆಯುಂಟೇ ಎಂದು ಅಧ್ಯಕ್ಷರನ್ನು ವಿಚಾರಿಸಿದೆ.

“ಇನ್ನೇನೈತಿ ಮಾಸ್ತರ್ರ? ದೇಶ ಆತು, ಮಂದಿ ಒಪ್ಪಿದ್ರು. ಸಮಿತಿ ಮುಚ್ಚೀವಿ.”

ವಿಶ್ವಸಂಸ್ಥೆ ಇನ್ನೂ ಆ ದೇಶವನ್ನು ಒಳಗೆ ಬಿಟ್ಟಿಲ್ಲವೆಂದು ಹೇಳಿದೆ.

“ಅದು ಅವ್ರ ಹಣೇಬರ,” ಎಂದು ಅವರು ಒಳಗೆ ಎದ್ದುಹೋದರು.

ಊರಿಗೆ ಬಂದು ಅಕ್ಕನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವಳು ಟ್ರಂಕಿನಿಂದ ಬಾವುಟ ತೆಗೆದಳು. “ಗಾಳ್ಯಾಗ ಹೆಂಗ ಕಾಣತೈತಿ, ಒಮ್ಮಿ ನೋಡೂಣು ಬಾ.”

ಹಿತ್ತಲಲ್ಲಿ ಬಟ್ಟೆ ಒಣಹಾಕುವ ತಂತಿಗೆ ಕಟ್ಟಿದೆವು. ಗಾಳಿಯಿರಲಿಲ್ಲ. ನಾನು ತುದಿ ಹಿಡಿದು ಅಲುಗಿಸುತ್ತ ನಿಂತೆ. ಅವಳು ಈ ಬದಿಯಿಂದ ನೋಡಿದಳು, ತಂತಿಯ ಕೆಳಗೆ ಬಗ್ಗಿ ಆ ಬದಿಗೆ ಹೋಗಿಯೂ ನೋಡಿದಳು.

“ಸಾಕು ಬಿಡು, ಕೈ ನೋಯ್ತಾವ ನಿನಗ,” ಎಂದು ತಾನೇ ಬಿಚ್ಚಿಕೊಂಡಳು.