ಅತ್ತೆಯ ಬಾವಿಗೆ ಸರ್ಟಿಫಿಕೇಟು

ನಾನು ಚಿಂತಾಮಣಿಯ ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತೇನೆ. ಯಾವ ನೀರನ್ನಾದರೂ ಒಂದು ಗುಟುಕು ಕುಡಿದು ಅದರ ಜಾತಕ ಹೇಳಬಲ್ಲೆ ಎಂದು ನಮ್ಮ ನೆಂಟರೆಲ್ಲ ನಂಬಿಬಿಟ್ಟಿದ್ದಾರೆ. ಎಷ್ಟು ಸಲ ಇಲ್ಲವೆಂದರೂ ಕೇಳುವುದಿಲ್ಲ. ಹೋದ ಬೇಸಿಗೆಯಲ್ಲಿ ಗೌರಿಬಿದನೂರಿನ ಕಡೆಯ ಹಳ್ಳಿಯಿಂದ ನನ್ನ ಸೋದರತ್ತೆ ಫೋನ್ ಮಾಡಿದರು. ಅವರ ಬಾವಿಯ ಪಕ್ಕದ ಹಳೇ ಕ್ವಾರಿಗೆ ಯಾವುದೋ ಫ್ಯಾಕ್ಟರಿಯ ಟ್ಯಾಂಕರುಗಳು ಹೊಲಸು ಸುರಿಯುತ್ತಿದ್ದವಂತೆ. ಊರಿನವರು ಹೆದರಿ ಆ ಬಾವಿಯಲ್ಲಿ ನೀರು ಸೇದುವುದನ್ನೇ ಬಿಟ್ಟಿದ್ದರು.

"ನಾವು ದಿನಾ ಕುಡೀತಿಲ್ವಾ? ನೀನ್ ಬಂದು ಕುಡ್ದು, ನೀರು ಚೆನ್ನಾಗೈತೆ ಅಂತ ಒಂದ್ ಮಾತು ಹೇಳೋಗಮ್ಮ. ಓದಿರೋಳು ಹೇಳಿದ್ರೆ ನಂಬ್ತಾರೆ."

ಅತ್ತೆಗೆ ಅದು ಬರೀ ಬಾವಿಯಲ್ಲ. ನಮ್ಮ ಒಣ ಸೀಮೆಯಲ್ಲಿ ಹೆಣ್ಣು ಕೊಡುವ ಮೊದಲು ಗಂಡಿನ ಮನೆಯ ನೀರು ನೋಡುತ್ತಿದ್ದರು. ಅತ್ತೆಯನ್ನು ಕೊಡುವಾಗ ನಮ್ಮ ತಾತ ಈ ಬಾವಿಯೊಳಗೆ ಬಗ್ಗಿ ನೋಡಿದ ಖುಷಿಯಲ್ಲಿ ಗಂಡನ್ನು ಸರಿಯಾಗಿ ನೋಡದೆಯೇ ಒಪ್ಪಿಬಿಟ್ಟರಂತೆ. ಮಾವನ ಮೂಗು ನೋಡಿದರೆ ಇದು ನಿಜವಿರಬೇಕು ಎನಿಸುತ್ತದೆ.

ನಾನು ಹೋದ ಕೂಡಲೇ ಅತ್ತೆ ಚಿತ್ರಾನ್ನದ ಡಬ್ಬಿ ಕಂಕುಳಲ್ಲಿಟ್ಟುಕೊಂಡು ಪಿಕ್‌ನಿಕ್ಕಿಗೆ ಹೊರಟವರ ಹಾಗೆ ನನ್ನನ್ನು ಕ್ವಾರಿಗೆ ಕರೆದೊಯ್ದರು. ಗುಂಡಿಯ ತುಂಬ ಜಹಾಂಗೀರಿನ ಬಣ್ಣದ ನೀರು, ಮೇಲೆ ನೊರೆ. ಅಂಚಿನಲ್ಲಿ ನೀಲಿ ಕಾಲಿನ ಕೋಳಿಯೊಂದು ಗಂಭೀರವಾಗಿ ಓಡಾಡುತ್ತಿತ್ತು.

"ಇವತ್ತು ಕೇಸರಿ. ಹೋದ್ ವಾರ ನೀಲಿ ಇತ್ತು, ಅದ್ಕೇ ನಮ್ ಕೋಳಿ ಹಂಗಾಗಿರೋದು. ಸಾರು ಮಾಡಣ ಅಂದ್ರೆ ನಿಮ್ ಮಾವ ಒಪ್ತಿಲ್ಲ ಕಣೇ."

ಟ್ಯಾಂಕರಿನವರನ್ನು ಬೈಯುವಾಗ ಮಾತ್ರ ಅತ್ತೆ ತೆಲುಗಿಗೆ ಹೋದರು. ಅದನ್ನು ಇಲ್ಲಿ ಬರೆಯುವಂತಿಲ್ಲ. ಘಾಟಿಗೆ ನನ್ನ ಕಣ್ಣಲ್ಲಿ ನೀರು ಸುರಿಯುತ್ತಿದ್ದರೆ, "ಅಳ್ಬೇಡ ಸುಮ್ನಿರು" ಎಂದು ಸೆರಗಿನಿಂದ ಒರೆಸಿದರು. ಚಿತ್ರಾನ್ನವನ್ನು ಇಬ್ಬರೂ ಮುಟ್ಟಲಿಲ್ಲ. ಇಂಥದ್ದನ್ನು ನೆಲಕ್ಕೆ ಕುಡಿಸಿ ಓಡಿಹೋಗುವವರ ಮೇಲೆ ನನಗೆ ಮೈಯೆಲ್ಲ ಉರಿಯಿತು. ಬಂಡೆಯ ಬಿರುಕಿಗಿಳಿದ ನೀರು ಎಲ್ಲಿಗೆ ಹೋಗುತ್ತದೆ ಎಂದು ಊಹಿಸಲು ಕೆಮಿಸ್ಟ್ರಿಯೇನೂ ಬೇಕಿರಲಿಲ್ಲ.

"ಕುಡಿದರೆ ಗೊತ್ತಾಗಲ್ಲ ಅತ್ತೆ, ಲ್ಯಾಬಿಗೆ ಕಳಿಸ್ಬೇಕು," ಎಂದೆ.

"ಹಂಗಾದ್ರೆ ನಿಮ್ಮಪ್ಪ ನಿನ್ನ ಓದ್ಸಿದ್ದು ಯಾಕೆ?"

ಬಾವಿಕಟ್ಟೆಯ ಸುತ್ತ ಊರಿನ ಹೆಂಗಸರು ಪರೀಕ್ಷೆಯ ರಿಸಲ್ಟಿಗೆ ಬಂದವರಂತೆ ಆಗಲೇ ನೆರೆದಿದ್ದರು. ಅತ್ತೆ ತಾವೇ ಸೇದಿ, ಚೊಂಬು ತುಂಬಿಸಿ ನನ್ನ ಕೈಗಿಟ್ಟರು. ನೀರು ತಿಳಿಯಾಗಿತ್ತು. ವಾಸನೆ ಇರಲಿಲ್ಲ, ಅಥವಾ ಕ್ವಾರಿಗೆ ಹೋಗಿಬಂದ ನನ್ನ ಮೂಗು ಕೆಟ್ಟಿತ್ತು. ಇಷ್ಟು ಜನರೆದುರು ಅತ್ತೆಯ ಮಾನ ಉಳಿಯಲಿ, ಒಂದು ಗುಟುಕಿಗೆ ಯಾರೂ ಸಾಯುವುದಿಲ್ಲ ಎಂದುಕೊಂಡು ಚೊಂಬೆತ್ತಿದೆ.

ತುಟಿಗೆ ತಗಲುವಷ್ಟರಲ್ಲಿ ಅತ್ತೆ ಅದನ್ನು ಕಿತ್ತುಕೊಂಡರು.

"ಬೇಡಮ್ಮ. ನಿಂಗೆ ಸಣ್ ಮಕ್ಕಳವ್ರೆ."

ಅತ್ತೆ ನೀರು ಚೆಲ್ಲಲು ಮಲ್ಲಿಗೆ ಬಳ್ಳಿಯ ಕಡೆ ತಿರುಗಿ ತಡೆದರು. ಹಸುವಿನ ಬಾನಿಯ ಕಡೆ ನೋಡಿದರು. ಆಮೇಲೆ ಎಲ್ಲಿ ಸುರಿಯಬೇಕೆಂದು ತಿಳಿಯದೆ ಚೊಂಬು ಹಿಡಿದುಕೊಂಡು ಅಲ್ಲೇ ನಿಂತರು.