ಕೆಂಪು ಬಾಳೆಗೆ ಕೈ ಇಟ್ಟವರು

ಶಹಾಬಜಾರದಲ್ಲಿ ಹಣಮಂತರಾಯರ ವಾಡೆಯ ಹಿಂಭಾಗಕ್ಕೆ ಒಂದು ಸಣ್ಣ ಖೋಲಿ ಇತ್ತು. ಕಾಲು ಚಾಚಿ ಮಲಗಿದರೆ ತಲೆ ಗೋಡೆಗೆ ತಾಗುತ್ತಿತ್ತು. ಕಿಟಕಿ ಇರಲಿಲ್ಲ, ಬಾಗಿಲ ಮೇಲೆ ಅಂಗೈಯಷ್ಟು ಬೆಳಕಿಂಡಿ. ಆ ಖೋಲಿಯಲ್ಲಿ ಕಮಲಾಪುರದ ನೀಲಗಂಗಮ್ಮ ಏಳು ವರ್ಷ ಒಬ್ಬರೇ ಇದ್ದರು. ನಾವು ಎದುರಿನ ಖೋಲಿಯಲ್ಲಿದ್ದೆವು. ಬೆಳಿಗ್ಗೆ ಅವರು ಲಿಂಗಪೂಜೆ ಮುಗಿಸಿ ವಿಭೂತಿ ಹಚ್ಚಿಕೊಂಡು ಹೊರಗೆ ಬಂದಾಗ ವಾಡೆಯಲ್ಲಿ ಇನ್ನೂ ಯಾರ ಒಲೆಯೂ ಹೊತ್ತಿರುತ್ತಿರಲಿಲ್ಲ.

ಆಗಲೂ ಕಲಬುರ್ಗಿ ತುಟ್ಟಿ ಊರೇ. ಸುಭೇದಾರರ ಕಚೇರಿ, ರೈಲು ಸ್ಟೇಶನ್, ಹತ್ತಿ ಗಿರಣಿ ಎಂದು ದಿನಾ ಹೊಸ ಮಂದಿ ಬಂದು ಇಳಿಯುತ್ತಿದ್ದರು. ನೀರು ಹೊತ್ತು ತರುವವಳಿಗೆ ಕೊಡಬೇಕು, ಒಲೆಗೆ ಸಗಣಿಯ ಕುಳ್ಳು ಕೊಳ್ಳಬೇಕು, ಕರಿಬೇವಿನ ಒಂದು ಎಸಳೂ ಪುಕ್ಕಟೆ ಇಲ್ಲ. ಕಮಲಾಪುರದಲ್ಲಿ ನೀಲಗಂಗಮ್ಮನ ತಮ್ಮ ಕಲ್ಯಾಣಪ್ಪನಿಗೆ ಸ್ವಂತ ಮನೆ, ಸ್ವಂತ ಬಾವಿ, ಬಾಳೆಯ ತೋಟ ಎಲ್ಲವೂ ಇತ್ತು. ವಾಡೆಯ ಹೆಂಗಸರು ನೀರಿನ ಕೊಡ ಇಳಿಸುತ್ತಾ ಕೇಳುತ್ತಿದ್ದರು:

“ನೀಲಗಂಗಕ್ಕಾ, ತವರಮನ್ಯಾಗ ಬಾವಿ ಇಟ್ಕೊಂಡು ಇಲ್ಲಿ ನೀರಿಗೆ ದುಡ್ಡ ಕೊಡ್ತೀರಲ್ಲ, ನಿಮಗೇನ್ ಹುಚ್ಚಿಡದದೇನು?”

“ಹುಚ್ಚಿಗೆ ಮದ್ದು ಕಲಬುರ್ಗ್ಯಾಗೇ ಸಿಗ್ತದಂತ, ಅದಕ್ಕ ಇದ್ದೀನಿ,” ಎಂದು ನಕ್ಕು ಅವರು ಒಳಗೆ ಹೋಗುತ್ತಿದ್ದರು. ನಿಜವಾದ ಉತ್ತರ ನನಗೆ ತಿಳಿದದ್ದು ಬಹಳ ದಿನಗಳ ಮೇಲೆ, ಒಂದೊಂದೇ ಮಾತಾಗಿ. ಅವರು ಹೇಳುವವರೆಗೆ ನಾನು ಕೇಳಲಿಲ್ಲ.

ಅವರ ಗಂಡ ಸ್ಟೇಶನ್ನಿನಲ್ಲಿ ಹಮಾಲಿ ಮಾಡುತ್ತಿದ್ದರು. ದೊಡ್ಡ ಜ್ವರ ಬಂದ ವರ್ಷ ನಾಲ್ಕೇ ದಿನಕ್ಕೆ ತೀರಿಕೊಂಡರು. ಮಕ್ಕಳಿರಲಿಲ್ಲ. ನೀಲಗಂಗಮ್ಮ ಗಂಟು ಕಟ್ಟಿಕೊಂಡು ತವರಿಗೆ ಹೋದರು. ಮೂರು ತಿಂಗಳು ಎಲ್ಲ ಸರಿಯಾಗಿಯೇ ಇತ್ತು. ಆಮೇಲೆ ತೋಟದಿಂದ ಆ ವರ್ಷದ ಮೊದಲ ಗೊನೆ ಬಂತು. ಕಾಯನ್ನು ಹುಲ್ಲಿನಲ್ಲಿ ಮುಚ್ಚಿ, ಹೊಗೆ ಕೊಟ್ಟು ಹಣ್ಣು ಮಾಡುವುದಕ್ಕೆ ನಮ್ಮ ಕಡೆ ‘ಅಡಿ ಹಾಕುವುದು’ ಎನ್ನುತ್ತಾರೆ. ಆ ಮನೆತನದಲ್ಲಿ ಮೊದಲ ಗೊನೆಯನ್ನು ಮುತ್ತೈದೆಯೇ ಅಡಿ ಹಾಕಬೇಕು, ಮುತ್ತೈದೆಯೇ ತೆಗೆಯಬೇಕು. ಆರು ವರ್ಷದ ಹುಡುಗಿಯಾಗಿದ್ದಾಗಿನಿಂದ ತಾಯಿಯ ಪಕ್ಕದಲ್ಲಿ ಕುಳಿತು ಕಲಿತ ಕೈ ಅವರದು. ಗೊನೆ ಕಂಡ ಕೂಡಲೇ, ತಮಗೆ ಈಗ ಕುಂಕುಮವಿಲ್ಲ ಎಂಬುದನ್ನೂ ಮರೆತು, ಕೈ ಚಾಚಿ ಎತ್ತಿಕೊಂಡುಬಿಟ್ಟರು. ತಮ್ಮನ ಹೆಂಡತಿ ಒಳಗಿನಿಂದ ಬಂದಳು. ಗೊನೆಯನ್ನು ಅವರ ಕೈಯಿಂದ ತೆಗೆದುಕೊಂಡು ಹೋಗಿ ಆಕಳ ಮುಂದೆ ಹಾಕಿದಳು. ಮರುದಿನ ನೀಲಗಂಗಮ್ಮ ಕಲಬುರ್ಗಿಯ ಬಂಡಿ ಹತ್ತಿದರು.

ಸ್ಟೇಶನ್ ಬಜಾರದ ಒಂದು ಅಂಗಡಿಯಲ್ಲಿ ಕಾಳು ಹಸನು ಮಾಡುವ ಕೆಲಸ ಸಿಕ್ಕಿತು. ಪಕ್ಕದಲ್ಲಿ ಖಮರುದ್ದೀನ್ ಸಾಹೇಬರ ಹಣ್ಣಿನ ಗೋದಾಮು. ಒಂದು ದಿನ ಅಲ್ಲಿ ಜೋರು ಗಲಾಟೆ. ಯಾರೋ ವಕೀಲರ ಮನೆಯ ಆಳು ಕೆಂಪು ಬಾಳೆಯ ಚಿಪ್ಪನ್ನು ಕಟ್ಟೆಯ ಮೇಲೆ ಕುಕ್ಕಿ ನಿಂತಿದ್ದ.

“ಏನ್ರಿ ಸಾಹೇಬ್ರ, ಹಣ್ಣಂತ ಹೇಳಿ ಕಟ್ಟಿಗಿ ಕೊಟ್ಟೀರಿ! ಮನ್ಯಾಗ ಬೀಗರು ಬಂದಾರ. ಅವರ ಹಲ್ಲ ಮುರದ್ರ ನೀವ್ ಹಚ್ಚಿ ಕೊಡ್ತೀರೇನು?”

“ಅರೇ ಭಾಯಿ, ನೀನ ನೋಡು, ಹ್ಯಾಂಗ ಲಾಲ್ ಆಗ್ಯಾವ! ಇನ್ನ ಎಷ್ಟ ಲಾಲ್ ಆಗ್ಬೇಕಪ್ಪ ಇವು?”

ನೀಲಗಂಗಮ್ಮನಿಗೆ ನಗು ತಡೆಯಲಾಗಲಿಲ್ಲ. ಮೊರ ಕೆಳಗಿಟ್ಟು, “ಸಾಹೇಬ್ರ, ಅವು ಹುಟ್ಟೋದೇ ಕೆಂಪರಿ. ಕೂಸು ಕೆಂಪಗ ಹುಟ್ಟೇದಂತ ತೊಟ್ಟಿಲದಾಗೇ ಮದಿವಿ ಮಾಡ್ತಾರೇನು?” ಎಂದರು.

ಆಳೂ ನಕ್ಕ. ಸಾಹೇಬರು ನಗಲಿಲ್ಲ. “ಮತ್ತ ಹಣ್ಣಾಗೇದಂತ ನಿಮಗ ಹ್ಯಾಂಗ ತಿಳೀತದ ಅಮ್ಮಾ?”

“ಕಣ್ಣಿಲೆ ತಿಳ್ಯಂಗಿಲ್ಲರಿ. ಕೈಲೆ ತಿಳೀತದ.”

ಕಮಲಾಪುರದಲ್ಲಿ ಈ ಮಾತು ಗೊತ್ತಿಲ್ಲದ ಮಗುವಿಲ್ಲ. ಸ್ಟೇಶನ್ ಬಜಾರದಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ವಾರದೊಳಗೆ ಗೋದಾಮಿನ ಮೂಲೆಯಲ್ಲಿದ್ದ ಹಣ್ಣು ಮಾಗಿಸುವ ಕುಣಿ ನೀಲಗಂಗಮ್ಮನದಾಯಿತು. ಅವರು ಹುಲ್ಲು ಹಾಸಿ, ಗೊನೆಗಳನ್ನಿಟ್ಟು, ಗಡಿಗೆಯಲ್ಲಿ ಕುಳ್ಳಿನ ಹೊಗೆ ಎಬ್ಬಿಸಿ, ಮೇಲೆ ಮಣ್ಣು ಮೆತ್ತುತ್ತಿದ್ದರು. ಆಮೇಲೆ ದಿನಕ್ಕೆರಡು ಸಲ ಆ ಮಣ್ಣಿನ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿ ಕೂರುತ್ತಿದ್ದರು. ಒಳಗಿನ ಕಾವು ಕೈಗೆ ಹೇಳುತ್ತಿತ್ತು. “ನಾಡದು,” ಎಂದರೆ ನಾಡಿದ್ದೇ ಹಣ್ಣು. ಅವರ ಕೈ ಆಗದೆ ಕುಣಿಯ ಹತ್ತಿರ ಯಾರೂ ಸುಳಿಯಬಾರದೆಂದು ಸಾಹೇಬರು ಗೋದಾಮಿನವರಿಗೆಲ್ಲ ತಾಕೀತು ಮಾಡಿದ್ದರು.

ಆದರೆ ಗೋದಾಮಿನಿಂದ ಖೋಲಿಗೆ ಬಂದ ಮೇಲೆ ಮಾತಾಡಲು ಯಾರಿದ್ದರು? ಎರಡು ರೊಟ್ಟಿ ಬಡಿಯುವ ಸಪ್ಪಳ ನಮ್ಮ ಖೋಲಿಗೆ ಕೇಳುತ್ತಿತ್ತು. ಎರಡೇ. ಆಮೇಲೆ ಏನೂ ಕೇಳುತ್ತಿರಲಿಲ್ಲ. ರವಿವಾರ ಕಮಲಾಪುರದ ಬಾಳೆಯ ಬಂಡಿಗಳು ಬಂದಾಗ ಅವರು ನಸುಕಿನಲ್ಲೇ ಹೋಗಿ ನಿಲ್ಲುತ್ತಿದ್ದರು. ಮಳೆ ಆಯಿತೇ, ಯಾರ ಆಕಳು ಈಯಿತು, ಯಾರ ಮಗಳಿಗೆ ಗಂಡು ಗೊತ್ತಾಯಿತು ಎಂದು ಒಂದೊಂದೇ ಕೇಳಿ, ಎಲ್ಲ ಮುಗಿದ ಮೇಲೆ ಕಡೆಗೆ ಕೇಳುತ್ತಿದ್ದರು: “ನಮ್ಮ ಕಲ್ಯಾಣಿ ಏನರ ಅಂದಾನೇನು?”

“ಏನೂ ಅಂದಿಲ್ಲರಿ ಯಕ್ಕಾ.”

ನಾಗರ ಪಂಚಮಿ ಬಂದರೆ ವಾಡೆಯ ಹೆಂಗಸರನ್ನೆಲ್ಲ ತವರಿಗೆ ಕರೆಯಲು ಅಣ್ಣ ತಮ್ಮಂದಿರು ಬರುತ್ತಿದ್ದರು. ನೀಲಗಂಗಮ್ಮ ಆ ದಿನ ಮನೆಯ ಮುಂದೆ ನೀರು ಹೊಡೆದು ಹೊಸ್ತಿಲ ಮೇಲೆ ಸ್ವಲ್ಪ ಹೊತ್ತು ಕೂತು, ಎದ್ದು ಶರಣರ ಗುಡಿಗೆ ಹೋಗಿಬಿಡುತ್ತಿದ್ದರು. ಏಳು ಪಂಚಮಿ ಹೀಗೇ ಹೋದವು.

ಎಂಟನೆಯ ಪಂಚಮಿಗೆ ಕಲ್ಯಾಣಪ್ಪ ಬಂದ. ಹಿಂದಿನ ಚಳಿಗಾಲದಲ್ಲಿ ಅವನ ಹೆಂಡತಿ ತೀರಿಕೊಂಡಿದ್ದಳು. ಇಬ್ಬರು ಸಣ್ಣ ಹೆಣ್ಣುಮಕ್ಕಳಿದ್ದರು. ಬಾಗಿಲಲ್ಲಿ ಬಗ್ಗಿ ಒಳಗೆ ನೋಡಿ, “ಅಕ್ಕಾ, ಈ ಗೂಡಿಗೆ ಬಾಡಿಗಿ ಕೊಡ್ತಿಯೇನು? ನಮ್ಮ ಎಮ್ಮಿ ಇದಕ್ಕಿಂತ ಅಗಲ ಜಾಗದಾಗ ಮಲಗ್ತದ!” ಎಂದ.

“ಎಮ್ಮಿ ಪುಣ್ಯ ಮಾಡೇದ. ಒಳಗ ಬಾ.”

“ಕುಂದ್ರಾಕ ಬಂದಿಲ್ಲ. ಕರಕೊಂಡ ಹೋಗಾಕ ಬಂದೀನಿ. ಪಂಚಮಿಗಷ್ಟ ಅಲ್ಲಕ್ಕ, ಇರಾಕ.”

ನೀಲಗಂಗಮ್ಮ ಒಲೆಯ ಕೆಂಡಕ್ಕೆ ನೀರು ಚಿಮುಕಿಸಿದರು. ಏಳು ವರ್ಷ ಕಾದ ಕರೆ ಅದು. ಆ ದಿನವೇ ಖೋಲಿಯ ಬೀಗದಕೈ ಹಣಮಂತರಾಯರಿಗೆ ಕೊಟ್ಟರು. “ನೀಲಗಂಗವ್ವಾ, ಬಿಟ್ಟ ಖೋಲಿ ಮತ್ತ ಸಿಗಂಗಿಲ್ಲ ನೋಡು. ಈ ಊರಿಗೆ ಬರೋರು ಬಾಳ, ಹೋಗೋರು ಕಡಿಮಿ,” ಎಂದರು ರಾಯರು. ಖಮರುದ್ದೀನ್ ಸಾಹೇಬರು, “ನನ್ನ ಹಣ್ಣಿನ ಗತಿ ಏನಮ್ಮಾ?” ಎಂದಾಗ, “ಕೈ ಇಟ್ಟು ನೋಡ್ರಿ, ಕಲೀತೀರಿ,” ಎಂದು ನೀಲಗಂಗಮ್ಮ ಹೇಳಿದರು. “ಏಳು ವರ್ಷದಾಗ ಕಲೀದ ಮನಷ್ಯಾ ಈಗ ಕಲೀತೀನೇನು?” ಎಂದು ಸಾಹೇಬರು ಗೋದಾಮಿನೊಳಗೆ ಹೋದರು.

ಕಮಲಾಪುರದಲ್ಲಿ ಅವರು ಸುಖವಾಗಿದ್ದರು. ಜೋಕಾಲಿ ಆಡಿದರು, ಉಂಡಿ ಕಟ್ಟಿದರು. ರಾತ್ರಿ ಇಬ್ಬರು ಹುಡುಗಿಯರೂ ಅವರ ಎರಡು ಬದಿಗೆ ಮಲಗಿ ಒಂದೇ ಕೌದಿಗೆ ಜಗ್ಗಾಡುತ್ತಿದ್ದರು. ಏಳು ವರ್ಷದ ನಂತರ ರೊಟ್ಟಿ ಬಡಿಯುವಾಗ ಎಷ್ಟು ಬಡಿಯಬೇಕು ಎಂದು ಇನ್ನೊಬ್ಬರನ್ನು ಕೇಳಿದರು.

ದಸರೆ ಮುಗಿದ ಮೇಲೆ ತೋಟದ ಮೊದಲ ಗೊನೆ ಕಡಿದರು. ಕಲ್ಯಾಣಪ್ಪ ನೆರೆಮನೆಯ ಶಿವಕಾಂತಮ್ಮನನ್ನು ಕರೆಸಿದ. ಹೊಸದಾಗಿ ಲಗ್ನವಾಗಿ ಬಂದ ಹುಡುಗಿ, ಬಾಳೆಯೇ ಬೆಳೆಯದ ಊರಿನವಳು. ಮನೆಯಲ್ಲಿ ಮುತ್ತೈದೆಯರು ಯಾರೂ ಇರಲಿಲ್ಲವಲ್ಲ.

“ಅಕ್ಕಾ, ನೀ ಒಂಚೂರು ದೂರ ನಿಂದ್ರು. ನಾ ಅನ್ನೂದಲ್ಲ, ಪದ್ಧತಿ,” ಎಂದ ಅವನು. ದನಿಯಲ್ಲಿ ಸಿಟ್ಟಿರಲಿಲ್ಲ.

ನೀಲಗಂಗಮ್ಮ ಹೊಸ್ತಿಲಲ್ಲಿ ನಿಂತರು. ಹುಡುಗಿ ಗಡಿಗೆಯಲ್ಲಿ ಒಂದರ ಮೇಲೊಂದು ಕುಳ್ಳು ಇಟ್ಟಳು.

“ಸಾಕು ಮಗಳ, ಎರಡ ಸಾಕು,” ಎಂದರು ಅಲ್ಲಿಂದಲೇ.

ಹುಡುಗಿ ಗಾಬರಿಯಾಗಿ ಕಲ್ಯಾಣಪ್ಪನ ಮುಖ ನೋಡಿದಳು. “ಇರ್ಲಿ ಬಿಡಕ್ಕ, ಅಕಿ ಮಾಡ್ತಾಳ,” ಎಂದ ಅವನು. ಹೊಗೆ ಹೊಸ್ತಿಲ ತನಕ ಬಂತು. ಮುಂದೆ ಮೂರು ದಿನ ನೀಲಗಂಗಮ್ಮ ಆ ಮಣ್ಣಿನ ಹತ್ತಿರ ಹೋಗಲಿಲ್ಲ. ಆದರೆ ಅಂಗಳದಲ್ಲಿ ನಿಂತರೂ ವಾಸನೆ ಮೂಗಿಗೆ ಬರುತ್ತಿತ್ತು. ತೆಗೆದಾಗ ಸಿಪ್ಪೆ ಕಪ್ಪಾಗಿತ್ತು, ಒಳಗೆ ಕಾಯಿ ಕಾಯಿಯಾಗಿಯೇ ಇತ್ತು. “ದೈವ,” ಎಂದ ಕಲ್ಯಾಣಪ್ಪ. ಗೊನೆ ಈ ಸಲವೂ ಆಕಳ ಮುಂದೆ ಹೋಯಿತು.

ಸಂಜೆ ಅವನು ಉಣ್ಣುತ್ತಿದ್ದಾಗ ನೀಲಗಂಗಮ್ಮ ಕೇಳಿದರು: “ಕಲ್ಯಾಣಿ, ಮುಂದಿನ ಗೊನಿಗೆ ನಾ ಕೈ ಇಡ್ಲೇನು?”

ಅವನು ತಾಟಿನಲ್ಲಿದ್ದ ರೊಟ್ಟಿಯನ್ನು ಮುರಿಯುತ್ತಾ ಕೂತ, ತಿನ್ನಲಿಲ್ಲ.

“ಮಂದಿ ಏನಂತಾರ ಅಕ್ಕಾ?”

“ನಾ ಮಂದೀನ ಕೇಳಿಲ್ಲ. ನಿನ್ನ ಕೇಳಾಕತ್ತೀನಿ.”

ಅವನು ಕೈ ತೊಳೆದು ಎದ್ದ. ಕೆಟ್ಟವನಲ್ಲ ಅವನು. ನೀಲಗಂಗಮ್ಮ ನನ್ನ ಮುಂದೆ ಒಂದು ಸಲವೂ ಅವನನ್ನು ಬೈಯಲಿಲ್ಲ. ಯುಗಾದಿಯೊಳಗೆ ಅವನಿಗೆ ಇನ್ನೊಂದು ಸಂಬಂಧ ನೋಡುವ ಮಾತು ಆಗಲೇ ನಡೆದಿತ್ತು. ಮನೆಗೆ ಒಬ್ಬ ಹೆಂಗಸು ಬರುವವಳಿದ್ದಳು. ಶನಿವಾರ ಕಲಬುರ್ಗಿಗೆ ಹೊರಟ ಬಾಳೆಯ ಬಂಡಿಯಲ್ಲಿ ನೀಲಗಂಗಮ್ಮ ಗೊನೆಗಳ ನಡುವೆ ಜಾಗ ಮಾಡಿಕೊಂಡು ಕೂತರು. ಸಣ್ಣ ಹುಡುಗಿ ಸೆರಗು ಹಿಡಿದುಕೊಂಡು ಊರಬಾಗಿಲ ತನಕ ಬಂತು. ಆ ಮುಷ್ಟಿಯನ್ನು ತಾವೇ ಬಿಡಿಸಬೇಕಾಯಿತು ಎಂದು ಮುಂದೊಮ್ಮೆ ನನಗೆ ಹೇಳುವಾಗ ಅವರು ಬತ್ತಿ ಹೊಸೆಯತೊಡಗಿದರು.

ಅವರ ಖೋಲಿಯಲ್ಲಿ ಆಗಲೇ ಕಚೇರಿಯ ಕಾರಕೂನನೊಬ್ಬ ಸಂಸಾರ ಹೂಡಿದ್ದ. ರಾಯರು ಮೆಟ್ಟಿಲ ಕೆಳಗಿನ ಜಾಗಕ್ಕೆ ಹಲಗೆ ಬಡಿಸಿ ಕೊಟ್ಟರು. ಅಲ್ಲಿ ನೆಟ್ಟಗೆ ನಿಲ್ಲಲೂ ಆಗುತ್ತಿರಲಿಲ್ಲ, ಬಾಡಿಗೆ ಮಾತ್ರ ಹಳೆಯ ಖೋಲಿಯಷ್ಟೇ. ಯಾರಾದರೂ ಮೇಲೆ ಹತ್ತಿ ಇಳಿದರೆ ಅವರ ಹಿಟ್ಟಿನಲ್ಲಿ ಧೂಳು ಉದುರುತ್ತಿತ್ತು. ಅವರಿಗೆ ಒಂದು ಚೊಂಬು ನೀರು ಕೊಡಲು ಹೋದಾಗ ನಾನು ಮೊದಲ ಸಲ ಬಾಯಿ ಬಿಟ್ಟು ಕೇಳಿದೆ, ಅಷ್ಟು ಆಸೆಪಟ್ಟು ಹೋದವರು ಯಾಕೆ ಬಂದಿರಿ ಎಂದು.

“ಎರಡ ಕುಳ್ಳು ಸಾಕಿತ್ತವ್ವ,” ಎಂದರು. “ಅಕಿ ಐದ ಇಟ್ಟಳು. ನಾ ನೋಡಕೋತ ನಿಂತಿದ್ದೆ.”

ನೀರು ಸುರಿದುಕೊಂಡು ಖಾಲಿ ಚೊಂಬನ್ನು ನನ್ನ ಕೈಗೆ ಕೊಟ್ಟರು.

ಗೋದಾಮಿನ ಕುಣಿ ಮತ್ತೆ ಅವರದಾಯಿತು. ಮಾಘದಲ್ಲಿ ಕಲ್ಯಾಣಪ್ಪನ ಬಂಡಿ ಖಮರುದ್ದೀನ್ ಸಾಹೇಬರ ಗೋದಾಮಿಗೇ ಬಂತು. ಗೊನೆಗಳನ್ನು ಇಳಿಸಿ ಅವನು ಒಳಗೆ ಬರಹೋದಾಗ ಸಾಹೇಬರು ಕೂಗಿದರು: “ಅರೇ ಭಾಯಿ, ಅಲ್ಲೇ ನಿಂದ್ರು! ಮೊದಲ ಅಮ್ಮನ ಕೈ ಆಗ್ಲಿ.” ಅವನು ಹೊಸ್ತಿಲಲ್ಲಿ ನಿಂತ. ನೀಲಗಂಗಮ್ಮ ತೊಟ್ಟು ನೋಡಿದ ಕೂಡಲೇ ತಮ್ಮನ ಕುಡಗೋಲಿನ ಓರೆ ಹೊಡೆತ ಗುರುತು ಹಿಡಿದರು. ಒಂದೊಂದೇ ಗೊನೆಯ ಕೆಳಗೆ ಅಂಗೈ ಆನಿಸಿ, ಹುಲ್ಲಿನ ಮೇಲಿಟ್ಟು, ಗಡಿಗೆಯಲ್ಲಿ ಎರಡು ಕುಳ್ಳು ಹಾಕಿದರು. ಕೈ ಒರೆಸಿಕೊಂಡು ಹೊರಗೆ ಬಂದಾಗ ಅವನು ನೆಲ ನೋಡುತ್ತಿದ್ದ.

“ಸಣ್ಣಾಕಿ ಹ್ಯಾಂಗ ಅದಾಳ?”

“ಆರಾಮ ಅದಾಳ. ನಿನ್ನ ಕೇಳ್ತಾಳ.”

ಹಿಂದಿನ ವಾರದ ಕುಣಿಯಿಂದ ತೆಗೆದಿದ್ದ ಒಂದು ಚಿಪ್ಪು ಹಣ್ಣನ್ನು ಅವರು ಬಟ್ಟೆಯಲ್ಲಿ ಕಟ್ಟಿ ಅವನ ಕೈಗೆ ಕೊಟ್ಟರು. ಅವನು ತೆಗೆದುಕೊಂಡು ಬಂಡಿಯ ಹುಲ್ಲಿನಡಿ ಇಟ್ಟ. ಮಗಳಿಗೆ ಕೊಟ್ಟನೋ, ದಾರಿಯಲ್ಲಿ ಎತ್ತಿಗೆ ಹಾಕಿದನೋ, ನೀಲಗಂಗಮ್ಮ ಮುಂದೆ ಯಾರ ಹತ್ತಿರವೂ ವಿಚಾರಿಸಲಿಲ್ಲ.

ಆ ವರ್ಷದ ಪಂಚಮಿಗೆ ನಮ್ಮ ಮನೆಯ ಉಂಡಿ ಕೊಡಲು ಹೋದರೆ ಮೆಟ್ಟಿಲ ಕೆಳಗೆ ಬೀಗ ಇತ್ತು. ಗುಡಿಯಲ್ಲಿಯೂ ಇರಲಿಲ್ಲ. ಉಂಡಿಯ ಡಬ್ಬಿ ಹಿಡಿದುಕೊಂಡು ಸ್ಟೇಶನ್ ಬಜಾರದವರೆಗೆ ಹೋದೆ. ಹಬ್ಬವೆಂದು ಗೋದಾಮಿನ ಆಳುಗಳು ಯಾರೂ ಇರಲಿಲ್ಲ. ಕತ್ತಲ ಮೂಲೆಯಲ್ಲಿ ನೀಲಗಂಗಮ್ಮ ಒಬ್ಬರೇ ಕೂತು ಹಸಿ ಮಣ್ಣಿನ ಮೇಲೆ ಅಂಗೈ ಇಟ್ಟಿದ್ದರು. ನಾನು ಕರೆಯಬೇಕೆನ್ನುವಷ್ಟರಲ್ಲಿ, ಕಣ್ಣು ತೆರೆಯದೆಯೇ, ಇನ್ನೊಂದು ಕೈ ಎತ್ತಿ ಸ್ವಲ್ಪ ತಡೆ ಎಂದು ಸನ್ನೆ ಮಾಡಿದರು. ನಾನು ಡಬ್ಬಿ ಹಿಡಿದು ಬಾಗಿಲಲ್ಲೇ ನಿಂತೆ.